ಸೂರತ್ತಿನ ಜರಿ, ಪೆಟ್ಟಿಗೆಯ ಸೀರೆ

ಕೊರೊನಾ ಕಾಲದ ಎರಡು ವರ್ಷ ನಮ್ಮ ವಿನ್ಯಾಸ ತಂಡದ ಐವರೂ ಪರದೆಯ ಬಣ್ಣವನ್ನೇ ನಂಬಿ ಕೆಲಸ ಮಾಡಿದ್ದೆವು. ಒಬ್ಬರ ಲ್ಯಾಪ್‌ಟಾಪಿನ ಕುಂಕುಮಗೆಂಪು ಇನ್ನೊಬ್ಬರ ಮೊಬೈಲಿನಲ್ಲಿ ಇಟ್ಟಿಗೆಯ ಬಣ್ಣವಾಗುತ್ತಿತ್ತು. ಸೀರೆಗಳ ಮೇಲೊಂದು ಪುಸ್ತಕ ಮಾಡುವ ಕೆಲಸ ಬಂದಾಗ, ಈ ಸಲ ಬಟ್ಟೆಯನ್ನು ಮುಟ್ಟಿಯೇ ನೋಡೋಣ ಎಂದು ಗುಜರಾತಿಗೆ ಹೊರಟೆವು.

ಅಹಮದಾಬಾದಿನ ಕ್ಯಾಲಿಕೊ ಮ್ಯೂಸಿಯಂ 1949ರಲ್ಲಿ ಶುರುವಾದದ್ದು. ಒಳಗೆ ಫೋಟೊ ತೆಗೆಯುವಂತಿಲ್ಲ. ಎಷ್ಟು ಒಳ್ಳೆಯ ನಿಯಮ! ಪಾಟಣದ ಪಟೋಲ ಬಟ್ಟೆಯ ಮುಂದೆ ಐವರೂ ಸುಮ್ಮನೆ ನಿಂತೆವು. ಅದರಲ್ಲಿ ಹಾಸು, ಹೊಕ್ಕು ಎರಡಕ್ಕೂ ಮಗ್ಗಕ್ಕೇರುವ ಮೊದಲೇ ಲೆಕ್ಕ ಹಾಕಿ, ಗಂಟು ಕಟ್ಟಿ, ಬಣ್ಣ ಹಾಕಿರುತ್ತಾರೆ. ಒಂದೆಳೆ ತಪ್ಪಿದರೂ ಚಿತ್ರ ಕದಡುತ್ತದೆ.

ಅಂದು ರಾತ್ರಿ ಮಾಣೆಕ್ ಚೌಕಕ್ಕೆ ಹೋದೆವು. ಹಗಲು ಚಿನ್ನಬೆಳ್ಳಿ ವ್ಯಾಪಾರ ನಡೆಯುವ ಆ ಜಾಗ ಕತ್ತಲಾದರೆ ತಿಂಡಿಬೀದಿ. ಬೆಣ್ಣೆಯಲ್ಲಿ ಮುಳುಗಿದ ದೋಸೆ ನನಗೆ ಹಿಡಿಸಲಿಲ್ಲ, ನೂಕುನುಗ್ಗಲಂತೂ ಇನ್ನೂ ಹಿಡಿಸಲಿಲ್ಲ.

ವಡೋದರಾಗೆ ಸಿಕ್ಕಿದ್ದು ಒಂದೇ ಹಗಲು. ಮೈಸೂರಿನ ಕಲಾವಿದ ಎನ್.ಎಸ್. ಹರ್ಷ, ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಕಲಿತ, ಅಲ್ಲಿನ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದ ಮರಗಳ ಕೆಳಗೆ ಹುಡುಗರು ಮಣ್ಣು ಮೆತ್ತಿದ ಕೈಯಲ್ಲೇ ಚಹಾ ಕುಡಿಯುತ್ತಿದ್ದರು.

ಅಲ್ಲಿಂದ ಸೂರತ್ತಿಗೆ ಹೋದೆವು. ಅದು 1994ರ ಸೆಪ್ಟೆಂಬರಿನಲ್ಲಿ ಪ್ಲೇಗಿಗೆ ಹೆದರಿ ಲಕ್ಷಗಟ್ಟಲೆ ಜನ ಬಿಟ್ಟು ಓಡಿದ ಊರು. ಮರುವರ್ಷ ನಗರಪಾಲಿಕೆಯ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ಅದನ್ನು ಗುಡಿಸಿ ತೊಳೆಸಿದ ರೀತಿ ದೇಶಕ್ಕೇ ಮಾದರಿಯಾಯಿತು. 2020ರ ಲಾಕ್‌ಡೌನಿನಲ್ಲಿ ಒಡಿಶಾದ ಮಗ್ಗದ ಕೂಲಿಗಳು ಊರಿಗೆ ಕಳಿಸಿ ಎಂದು ಬೀದಿಗಿಳಿದದ್ದೂ ಇಲ್ಲಿಯೇ. ಊರು ಕಟ್ಟಿದ ಕೈಗಳನ್ನು ಎರಡು ಸಲವೂ ಊರು ಹಿಡಿದಿಟ್ಟುಕೊಳ್ಳಲಿಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ಹಳೇ ಪೇಟೆಯ ಓಣಿಯೊಂದರಲ್ಲಿ ಜರಿ ಮಾಡುವ ಮನೆಗೆ ಹೋದೆವು. ಬೆಳ್ಳಿ ತಂತಿಯನ್ನು ಒಂದಕ್ಕಿಂತ ಒಂದು ಸಣ್ಣ ತೂತುಗಳಲ್ಲಿ ಎಳೆದೆಳೆದು ಕೂದಲಿಗಿಂತ ತೆಳ್ಳಗೆ ಮಾಡುತ್ತಾರೆ. ಉರುಳೆಗಳ ನಡುವೆ ಚಪ್ಪಟೆಯಾದ ಆ ತಂತಿ ಕೆಂಪು ರೇಷ್ಮೆ ಎಳೆಗೆ ಸುತ್ತಿಕೊಳ್ಳುತ್ತದೆ. ಕೊನೆಗೆ ಚಿನ್ನದ ಲೇಪ. ಉಗುರಿನಿಂದ ಕೆರೆದಾಗ ಒಳಗೆ ಕೆಂಪು ಕಂಡರೆ ಅದು ಅಸಲಿ ಎಂದು ಆ ಮನೆಯ ಮುದುಕರು ಒಂದೆಳೆ ಕೆರೆದು ತೋರಿಸಿದರು.

ನಮ್ಮ ತಂಡದ ಹುಡುಗಿಯೊಬ್ಬಳು ಅಮ್ಮನ ಮದುವೆಯ ಮೊಳಕಾಲ್ಮೂರು ಸೀರೆಯನ್ನು ಚೀಲದಲ್ಲಿ ತಂದಿದ್ದಳು. ಮುದುಕರು ಅದನ್ನು ಬೆಳಕಿಗೆ ಹಿಡಿದರು. ಮಡಿಕೆಯಿದ್ದ ಕಡೆಯೆಲ್ಲ ಜರಿ ಕಪ್ಪಿಟ್ಟಿತ್ತು.

“ಎಷ್ಟು ದಿನದಿಂದ ಉಟ್ಟಿಲ್ಲ, ಬೆನ್?”

“ಎರಡು ವರ್ಷದಿಂದ ಮದುವೆಗಳೇ ಇರಲಿಲ್ಲವಲ್ಲ, ಕಾಕಾ.”

“ನಮ್ಮ ಯಂತ್ರಗಳೂ ಹಾಗೇ ಮಲಗಿದ್ದವು,” ಎಂದರು. ಆಮೇಲೆ ಸೀರೆಯನ್ನು ಪೂರ್ತಿ ಬಿಡಿಸಿ, ಹಳೆಯ ಗೆರೆ ಬಿಟ್ಟು ಬೇರೆ ಕಡೆ ಮಡಚಿ, ಬಿಳಿ ಮಲ್ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಎಷ್ಟಾಯಿತೆಂದು ಕೇಳಿದರೆ ಕೈಯಾಡಿಸಿದರು.