ಮಾಗಡಿ ಕೆರೆಯ ಜಕ್ಕವಕ್ಕಿ

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಎಲ್ಲರೂ ಹೋಗುವುದು ಪಟ್ಟೆತಲೆ ಹೆಬ್ಬಾತು ನೋಡಲು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಅತಿಥಿಗಳು. 2024ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತಲ್ಲ ಈ ಕೆರೆ.

ನಾನೂ ಅವನ್ನೇ ಎಣಿಸುತ್ತ ನಿಂತಿದ್ದೆ. ಬೂದುಬಣ್ಣದ ಆ ಜಾತ್ರೆಯ ಅಂಚಿನಲ್ಲಿ ಎರಡು ಕೇಸರಿ ಚುಕ್ಕೆಗಳು. ದುರ್ಬೀನು ತಿರುಗಿಸಿದರೆ, ಜಕ್ಕವಕ್ಕಿ ಜೋಡಿ! ನಸುಬಿಳಿ ಮುಖದ್ದು ಹೆಣ್ಣು. ಹಾರಿದಾಗ ರೆಕ್ಕೆಯಲ್ಲಿ ಅಗಲವಾದ ಬಿಳಿ ಪಟ್ಟಿ, ಜೊತೆಗೆ ಮೂಗಿನಿಂದ ಹೊರಟಂತಹ ‘ಆಂಗ್, ಆಂಗ್’.

ಚಕ್ರವಾಕ ಅಂದರೂ ಇದೇ. ರಾತ್ರಿಯಾದರೆ ಜೋಡಿ ಅಗಲಿ, ಆಚೆ ದಡ ಈಚೆ ದಡ ಕೂತು ಅಳುತ್ತವೆ ಅಂತ ನಮ್ಮ ಹಳೆಯ ಕವಿಗಳು. ಹೈಸ್ಕೂಲಿನಲ್ಲಿ ಅರ್ಥ ಬರೆದು ಅಂಕ ತೆಗೆದುಕೊಂಡಿದ್ದೆ, ಹಕ್ಕಿ ಮಾತ್ರ ಕಂಡಿರಲಿಲ್ಲ.

ದಡದಲ್ಲಿ ಎಮ್ಮೆ ಮೈತೊಳೆಯುತ್ತಿದ್ದ ಅಜ್ಜನಿಗೆ ಈ ವಿರಹದ ಕಥೆ ಹೇಳಿದೆ.

“ಅಳೂದೆಲ್ಲಿ ಬಂತ್ರೀ ಸರ? ರಾತ್ರಿ ಹೊಟ್ಟಿಗೆ ಹುಡುಕ್ಕೊಂಡು ಹೊಕ್ಕಾವ. ಕತ್ತಲದಾಗ ಒಂದಕ್ಕೊಂದು ಕೂಗಬೇಕಲ್ಲ!”