ಮಗು ಉಲ್ಟಾ ಐತೆ ಅಂದಾಗ

ನಮ್ಮ ಕಡೆ ಇದಕ್ಕೆ ಮೂರು ಹೆಸರು. ಹಳಬರು ‘ಕಾಲು ಮುಂದಾದ ಮಗು’ ಅಂತಾರೆ. ಆಶಾ ಅಕ್ಕ ‘ಉಲ್ಟಾ ಐತೆ’ ಅಂತಾರೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಬ್ರೀಚ್’ ಅಂತ ಒಂದು ಪದ ಇರುತ್ತೆ. ಮೂರರ ಅರ್ಥವೂ ಒಂದೇ. ಹೆರಿಗೆ ಹತ್ತಿರ ಬಂದರೂ ಮಗುವಿನ ತಲೆ ಕೆಳಗೆ ಬಂದಿಲ್ಲ. ಕುಂಡೆಯೋ ಕಾಲೋ ಕೆಳಗಿದೆ.

ಇಲ್ಲಿ ‘ನಾವು’ ಅಂದರೆ ಗಂಡ ಹೆಂಡತಿ ಇಬ್ಬರೂ. ಟೈಪ್ ಮಾಡಿದ ಕೈ ಒಬ್ಬರದು. ಬರೆದದ್ದನ್ನು ಓದಿ ಹೇಳಿದಾಗ ಮನೆಯವರು ನಾಲ್ಕು ಕಡೆ ತಿದ್ದಿಸಿದ್ದಾರೆ. ಇರುವುದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಪೇಪರಿಗೆ ಸುದ್ದಿ ಕಳಿಸುವ ಕೆಲಸ, ಜೊತೆಗೆ ಎರಡು ಹಸು, ಮನೆಯವರ ಹೊಲಿಗೆ ಮಿಷನ್ನು. ಮೊದಲನೆಯವನು ಐದು ವರ್ಷದವನು, ನಾರ್ಮಲ್ ಹೆರಿಗೆ. ಎರಡನೆಯದಕ್ಕೆ ಆಸ್ಪತ್ರೆ, ಸ್ಕ್ಯಾನಿಂಗು ಎಲ್ಲ ಗೊತ್ತಿರುವ ದಾರಿ ಅಂದುಕೊಂಡಿದ್ದೆವು.

ಎಂಟನೇ ತಿಂಗಳಲ್ಲಿ ಮನೆಯವರು ಒಂದು ಮಾತು ಹೇಳುತ್ತಿದ್ದರು. “ಒದೆಯೋದೆಲ್ಲ ಕೆಳಗೇ ಗೊತ್ತಾಗುತ್ತೆ ರೀ. ಮೇಲೆ, ಪಕ್ಕೆಲುಬಿನ ಹತ್ರ ಏನೋ ಗಟ್ಟಿ ಉಂಡೆ ಥರ ಒತ್ತುತ್ತೆ.” ಉಪಕೇಂದ್ರದ ಸಿಸ್ಟರ್ ಹೊಟ್ಟೆ ಮುಟ್ಟಿ ನೋಡಿದರು. ಮಗುವಿನ ಎದೆಬಡಿತ ಹೊಕ್ಕುಳಿನ ಮೇಲ್ಗಡೆ ಜೋರಾಗಿ ಕೇಳಿಸಿತು. “ತಲೆ ಮೇಲೈತೆ ಅನ್ಸುತ್ತೆ. ಒಂದು ಸ್ಕ್ಯಾನ್ ಮಾಡಿಸ್ಬಿಡಿ” ಅಂದರು. 34ನೇ ವಾರಕ್ಕೆ ಸ್ಕ್ಯಾನ್ ಆಯಿತು. ಸಿಸ್ಟರ್ ಕೈಗೆ ಸಿಕ್ಕಿದ್ದೇ ರಿಪೋರ್ಟಿನಲ್ಲೂ ಬಂತು.

ಸ್ಕ್ಯಾನ್ ಮಾಡಿಸಿದ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಅವತ್ತೇ ಹೇಳಿಬಿಟ್ಟರು: “ಸಿಸೇರಿಯನ್ನೇ ಆಗ್ಬೇಕು. ಡೇಟ್ ಹಾಕಿಸ್ಕೊಂಡು ಅಡ್ವಾನ್ಸ್ ಕಟ್ಟಿ.” 45 ಸಾವಿರ ಅಂದರು. ಸುದ್ದಿಯೊಂದಕ್ಕೆ ಇಷ್ಟು ಅಂತ ಎಣಿಸಿ ದುಡ್ಡು ಬರುವ ಮನೆಗೆ 45 ಸಾವಿರ ಅಂದರೆ ಒಂದು ಹಸು. ನಾವು ಅಡ್ವಾನ್ಸ್ ಕಟ್ಟಲಿಲ್ಲ. ತಾಯಿ ಕಾರ್ಡ್ ಹಿಡಿದು ಸರ್ಕಾರಿ ಆಸ್ಪತ್ರೆಯ ಹೆರಿಗೆ ಡಾಕ್ಟರ್ ಮೇಡಂ ಹತ್ತಿರ ಹೋದೆವು. ಹೋಗಿದ್ದು 9ನೇ ತಾರೀಕು. ಪ್ರತಿ ತಿಂಗಳು 9ರಂದು ಗರ್ಭಿಣಿಯರನ್ನು ಡಾಕ್ಟರೇ ಉಚಿತವಾಗಿ ನೋಡುವ ಕೇಂದ್ರ ಸರ್ಕಾರದ ಯೋಜನೆ 2016ರಿಂದ ಇದೆ. ಸಾಲು ಉದ್ದ ಇರುತ್ತೆ, ಬೆಳಿಗ್ಗೆಯೇ ಹೋಗಬೇಕು.

ಮೇಡಂ ರಿಪೋರ್ಟ್ ನೋಡಿ, “ಈಗ್ಲೇ ಯಾಕೆ ಗಾಬರಿ? ಇನ್ನೂ ತಿರುಗೋಕೆ ಟೈಮಿದೆ” ಅಂದರು. ಅವರು ಹೇಳಿದ ಲೆಕ್ಕ ಹೀಗೆ. ಏಳನೇ ತಿಂಗಳ ಸುಮಾರಿಗೆ, ಅಂದರೆ 28ನೇ ವಾರದಲ್ಲಿ, ನಾಲ್ಕೈದು ಮಕ್ಕಳಲ್ಲಿ ಒಂದು ಉಲ್ಟಾ ಇರುತ್ತೆ. ಜಾಗ ಕಿರಿದಾಗುತ್ತಾ ಬಂದ ಹಾಗೆ ಬಹುಪಾಲು ತಾವೇ ತಿರುಗುತ್ತವೆ. ದಿನ ತುಂಬುವ ಹೊತ್ತಿಗೆ ಹಾಗೇ ಉಳಿಯುವುದು 100ಕ್ಕೆ 3 ಅಥವಾ 4 ಮಾತ್ರ.

ಮನೆಯವರು ಕೇಳಿದ ಮೊದಲ ಪ್ರಶ್ನೆ, “ನಾನೇನಾದ್ರೂ ಮಾಡಿದ್ದಕ್ಕೆ ಹಿಂಗಾಯ್ತಾ ಮೇಡಂ?” ಸೀಮಂತಕ್ಕೆ ಬಂದವರು ಒಬ್ಬೊಬ್ಬರು ಒಂದೊಂದು ಹೇಳಿ ಹೋಗಿದ್ದರು. ಹುಲ್ಲಿನ ಹೊರೆ ಹೊತ್ತಿದ್ದಕ್ಕೆ, ಗ್ರಹಣದ ದಿನ ಹೊರಗೆ ಬಂದಿದ್ದಕ್ಕೆ, ಮಿಷನ್ ತುಳಿದಿದ್ದಕ್ಕೆ. ಮೇಡಂ ಎಲ್ಲದಕ್ಕೂ ಇಲ್ಲ ಅಂದರು. ಗರ್ಭಚೀಲದ ನೀರು ಕಡಿಮೆ ಅಥವಾ ಜಾಸ್ತಿ ಇದ್ದರೆ, ಕಸ ಅಂತೀವಲ್ಲ ಆ ಮಾಸು ಕೆಳಗೆ ಕೂತಿದ್ದರೆ, ಗರ್ಭಕೋಶದ ಆಕಾರ ಬೇರೆ ಇದ್ದರೆ, ಗಡ್ಡೆ ಇದ್ದರೆ, ಅವಳಿ ಇದ್ದರೆ ಹೀಗಾಗಬಹುದು. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ. ನಮ್ಮದರಲ್ಲೂ ಸಿಗಲಿಲ್ಲ.

ಹೊಟ್ಟೆ ತಿರುವುವ ಅಜ್ಜಿ

ಮನೆಗೆ ಬರುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಪಕ್ಕದ ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಹರಳೆಣ್ಣೆ ಹಚ್ಚಿ ಹೊಟ್ಟೆ ನೀವಿ ಮಗು ತಿರುಗಿಸುತ್ತಾರೆ, ಕರೆಸಿ ಅಂತ ದೊಡ್ಡಮ್ಮ ಚಿಕ್ಕಮ್ಮಂದಿರು ಹಟ ಹಿಡಿದರು.

ನಮ್ಮ ಜಿಲ್ಲೆಯಲ್ಲಿ ಸೂಲಗಿತ್ತಿಯರ ಬಗ್ಗೆ ಹಗುರವಾಗಿ ಮಾತಾಡುವ ಹಾಗಿಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸಾವಿರಾರು ಹೆರಿಗೆ ಮಾಡಿಸಿದ ಕೈ ಅದು. ಹೊಟ್ಟೆ ಮುಟ್ಟಿದರೆ ಮಗು ಹೇಗಿದೆ ಅಂತ ಹೇಳುತ್ತಿದ್ದರು ಅಂತ ಇಲ್ಲಿ ಇವತ್ತಿಗೂ ಜನ ಮಾತಾಡುತ್ತಾರೆ. ರಸ್ತೆ ಇಲ್ಲದ, ಆಸ್ಪತ್ರೆ ಇಲ್ಲದ ಕಾಲದಲ್ಲಿ ಅಂಥವರು ಇಲ್ಲದಿದ್ದರೆ ಎಷ್ಟೋ ತಾಯಂದಿರು ಉಳಿಯುತ್ತಿರಲಿಲ್ಲ.

ಹೊಟ್ಟೆ ಮುಟ್ಟಿ ನೋಡುವುದರಲ್ಲಿ ತೊಂದರೆ ಇಲ್ಲ. ಜೋರಾಗಿ ಒತ್ತಿ ತಿರುಗಿಸಲು ಹೋದರೆ ಮಾಸು ಗರ್ಭಕೋಶದ ಗೋಡೆ ಬಿಟ್ಟು ಒಳಗೇ ರಕ್ತಸ್ರಾವ ಆಗಬಹುದು. ಹೊಕ್ಕುಳಬಳ್ಳಿ ಎಲ್ಲಿದೆ, ಮಾಸು ಎಲ್ಲಿದೆ ಅಂತ ಸ್ಕ್ಯಾನ್ ಇಲ್ಲದೆ ಗೊತ್ತಾಗುವುದಿಲ್ಲ. ಮಗುವಿನ ಎದೆಬಡಿತ ಇಳಿದರೂ ಆ ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ತಿಳಿದರೂ ತಕ್ಷಣ ಆಪರೇಷನ್ ಮಾಡಲು ಅಲ್ಲಿ ಏನೂ ಇರುವುದಿಲ್ಲ.

ಇದನ್ನೆಲ್ಲ ವಿವರಿಸಿ ಹೇಳಿದರೂ ಮನೆಯಲ್ಲಿ ವಾದ ನಿಲ್ಲಲಿಲ್ಲ. ನಿಲ್ಲಿಸಿದ್ದು ಅತ್ತೆ. ಆವರೆಗೂ ಸುಮ್ಮನೆ ಅವರೆಕಾಯಿ ಸುಲಿಯುತ್ತಿದ್ದವರು ಮಗಳ ಮುಖ ನೋಡಿ ಹೇಳಿದರು: “ನಿನಗಿಂತ ಮುಂಚೆ ಒಂದು ಗಂಡು ಮಗು ಆಗಿತ್ತು ಕಣಮ್ಮ. ಕಾಲು ಬಂತು, ಮೈ ಬಂತು, ತಲೆ ಬರ್ಲಿಲ್ಲ. ಗಾಡಿ ಕಟ್ಟಿ ಆಸ್ಪತ್ರೆಗೆ ಹೊರಟ್ರು. ಅರ್ಧ ದಾರೀಲಿ ಎಲ್ಲ ಮುಗೀತು.”

ಮನೆಯವರಿಗೆ ತಮ್ಮ ಮೇಲೊಬ್ಬ ಅಣ್ಣ ಇದ್ದ ಅನ್ನುವುದು ಗೊತ್ತಾಗಿದ್ದು ಆ ದಿನ. ಮೊದಲ ಬಾಣಂತನದಲ್ಲೂ ಅತ್ತೆ ಬಾಯಿ ಬಿಟ್ಟಿರಲಿಲ್ಲ. ಅಪಶಕುನ ಆದೀತು ಅಂತ. ಆಮೇಲೆ ಅಜ್ಜಿಯ ಮಾತನ್ನು ಯಾರೂ ಎತ್ತಲಿಲ್ಲ.

ಅತ್ತೆ ಹೇಳಿದ್ದೇ ಬ್ರೀಚ್ ಹೆರಿಗೆಯ ಮುಖ್ಯ ಅಪಾಯ. ಮಗುವಿನ ಮೈಯಲ್ಲಿ ದೊಡ್ಡದು, ಗಟ್ಟಿ ಇರುವುದು ತಲೆ. ತಲೆ ಮೊದಲು ಬಂದರೆ ಉಳಿದ ಮೈಗೆ ದಾರಿ ಆದ ಹಾಗೆ. ಕಾಲು, ಕುಂಡೆ ಮೊದಲು ಬಂದರೆ ದಾರಿ ಪೂರ್ತಿ ತೆರೆಯುವ ಮುಂಚೆಯೇ ಮೈ ಜಾರಿ ಬಂದು ತಲೆ ಸಿಕ್ಕಿಕೊಳ್ಳಬಹುದು. ಆಗ ಬಳ್ಳಿ ಒತ್ತಿಕೊಂಡು ಮಗುವಿಗೆ ಆಮ್ಲಜನಕ ನಿಲ್ಲುತ್ತೆ. ಕೈಯಲ್ಲಿರುವುದು ಕೆಲವೇ ನಿಮಿಷ.

ಹೊರಗಿನಿಂದ ತಿರುಗಿಸುವುದು

36ನೇ ವಾರ ಕಳೆದರೂ ಮಗು ತಿರುಗಲಿಲ್ಲ. ಮೇಡಂ ಮೆಡಿಕಲ್ ಕಾಲೇಜು ಆಸ್ಪತ್ರೆಯೊಂದಕ್ಕೆ ಬರೆದುಕೊಟ್ಟರು. ಅಲ್ಲಿ ಮೂರು ದಾರಿ ಹೇಳಿದರು. ಹೊರಗಿನಿಂದ ಕೈಯಲ್ಲಿ ತಿರುಗಿಸಿ ನೋಡುವುದು, ಇದಕ್ಕೆ ಇಸಿವಿ ಅಂತಾರೆ. ದಿನ ನೋಡಿ ಸಿಸೇರಿಯನ್ ಮಾಡುವುದು. ಇಲ್ಲವೇ ಅನುಭವ ಇರುವ ಡಾಕ್ಟರ ಕೈಯಲ್ಲಿ ಬ್ರೀಚ್ ಆಗಿಯೇ ನಾರ್ಮಲ್ ಹೆರಿಗೆ.

ಮೂರನೆಯದು ಈಗ ಕಡಿಮೆ. 26 ದೇಶಗಳ 2,000ಕ್ಕೂ ಹೆಚ್ಚು ಗರ್ಭಿಣಿಯರನ್ನು ಸೇರಿಸಿ ಮಾಡಿದ ಒಂದು ದೊಡ್ಡ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಮೊದಲೇ ನಿಗದಿ ಮಾಡಿದ ಸಿಸೇರಿಯನ್ನಿನಲ್ಲಿ ಮಗುವಿಗೆ ಅಪಾಯ ಕಡಿಮೆ ಅಂತ ಅದರಲ್ಲಿ ಕಂಡಿತು. ಅಲ್ಲಿಂದಾಚೆ ಜಗತ್ತಿನ ಹೆಚ್ಚಿನ ಆಸ್ಪತ್ರೆಗಳು ಸಿಸೇರಿಯನ್ ಕಡೆ ವಾಲಿದವು. ಅದೇ ಮಕ್ಕಳನ್ನು ಎರಡು ವರ್ಷದ ಮೇಲೆ ನೋಡಿದಾಗ ಅಂಥ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಕೈ ಪಳಗಿದವರು ಇರುವ ಕಡೆ, ತೂಕ, ಭಂಗಿ ಎಲ್ಲ ನೋಡಿ ಈಗಲೂ ನಾರ್ಮಲ್ ಮಾಡಿಸುತ್ತಾರೆ. ನಮಗೆ ಅತ್ತೆಯ ಮಾತು ಕೇಳಿದ ಮೇಲೆ ಆ ಕಡೆ ಮನಸ್ಸು ಹೋಗಲಿಲ್ಲ.

ಇಸಿವಿ ಬಗ್ಗೆ ಹೆಚ್ಚು ಕೇಳಿದ್ದು ಮನೆಯವರೇ. ಅವರ ಲೆಕ್ಕ ಸ್ಪಷ್ಟವಿತ್ತು. ಕೊಯ್ಸಿಕೊಂಡರೆ ಭಾರ ಎತ್ತುವ ಹಾಗಿಲ್ಲ. ಹಸು ಯಾರು ನೋಡುತ್ತಾರೆ, ಐದು ವರ್ಷದವನನ್ನು ಯಾರು ಎತ್ತಿಕೊಳ್ಳುತ್ತಾರೆ? ಡಾಕ್ಟರ್ ಹೇಳಿದ್ದು: ಹೆಚ್ಚು ಕಡಿಮೆ ಅರ್ಧದಷ್ಟು ಜನರಲ್ಲಿ ಮಗು ತಿರುಗುತ್ತೆ, ಮೊದಲು ಹೆರಿಗೆ ಆದವರಲ್ಲಿ ಸ್ವಲ್ಪ ಜಾಸ್ತಿ. 200ರಲ್ಲಿ ಒಬ್ಬರಿಗೆ ಆಗಲೇ ತುರ್ತು ಸಿಸೇರಿಯನ್ ಮಾಡಬೇಕಾಗಿ ಬರಬಹುದು. ಅದಕ್ಕೇ ಇದನ್ನು ಆಪರೇಷನ್ ಥಿಯೇಟರ್ ಇರುವ ಕಡೆಯೇ ಮಾಡುವುದು. ಅವಳಿ ಇದ್ದರೆ, ಮಾಸು ಕೆಳಗಿದ್ದರೆ, ಇತ್ತೀಚೆಗೆ ರಕ್ತ ಹೋಗಿದ್ದರೆ, ನೀರು ಒಡೆದಿದ್ದರೆ ಮಾಡುವುದಿಲ್ಲ. ತಾಯಿಯ ರಕ್ತ ನೆಗೆಟಿವ್ ಗುಂಪಿನದಾದರೆ ಆಮೇಲೆ ಒಂದು ಇಂಜೆಕ್ಷನ್ ಕೊಡುತ್ತಾರೆ.

37 ವಾರ ತುಂಬಿದ ಮೇಲೆ ಹೋದೆವು. ಮೊದಲು ಸ್ಕ್ಯಾನ್. ಆಮೇಲೆ ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಎದೆಬಡಿತದ ಪಟ್ಟಿ ತೆಗೆದರು. ಗರ್ಭಕೋಶ ಸಡಿಲ ಆಗಲು ಒಂದು ಇಂಜೆಕ್ಷನ್ ಕೊಟ್ಟರು. ತಾಯಿಯ ಎದೆ ಡವಡವ ಅನ್ನುತ್ತೆ, ಹೆದರಬೇಡಿ ಅಂತ ಮೊದಲೇ ಹೇಳಿದ್ದರು. ಡಾಕ್ಟರು ಎರಡೂ ಕೈಯಲ್ಲಿ ಮಗುವಿನ ಕುಂಡೆಯನ್ನು ಮೇಲೆತ್ತಿ, ತಲೆಯನ್ನು ನಿಧಾನವಾಗಿ ಪಕ್ಕಕ್ಕೆ ಒತ್ತಿದರು. ಮನೆಯವರು ಇಲ್ಲಿ ಒಂದು ಸಾಲು ಸೇರಿಸಲು ಹೇಳಿದ್ದಾರೆ: “ನೋವು ಇರುತ್ತೆ. ಹಲ್ಲು ಕಚ್ಚಿಕೊಳ್ಳುವಷ್ಟು ಇರುತ್ತೆ. ನಿಲ್ಲಿಸಿ ಅಂದರೆ ನಿಲ್ಲಿಸುತ್ತಾರೆ.”

ಮಗು ಕಾಲು ಹರಡಲು ಬಿಡಲಿಲ್ಲ. ಎರಡೂ ಕಾಲು ನೆಟ್ಟಗೆ ಮುಖದ ಹತ್ತಿರ ಮಡಿಚಿಕೊಂಡು, ಕುಂಡೆ ಕೆಳಗೆ ಭದ್ರವಾಗಿ ಕೂತಿತ್ತು. ಎರಡು ಸಲ ನೋಡಿ ಡಾಕ್ಟರು ಕೈ ತೆಗೆದರು. “ಬಲವಂತ ಮಾಡಲ್ಲಮ್ಮ. ಮಗು ಚೆನ್ನಾಗಿದೆ, ಅಷ್ಟು ಸಾಕು.” ಮತ್ತೆ ಎದೆಬಡಿತ ನೋಡಿ ಸಂಜೆಗೆ ಕಳಿಸಿದರು. ಬಸ್ಸಿನಲ್ಲಿ ಕೊರಟಗೆರೆ ದಾಟುವವರೆಗೂ ನಾವಿಬ್ಬರೂ ಮಾತಾಡಲಿಲ್ಲ. ಆಮೇಲೆ ಮನೆಯವರೇ ಅಂದರು: “ಆಯ್ತು ಬಿಡಿ. ಕೇಳದೆ ಯಾರೋ ಡೇಟ್ ಹಾಕಿದ್ದಲ್ಲ ಇದು. ನಾವೇ ನೋಡಿ ಒಪ್ಪಿದ್ದು.”

ಉಳಿದ ಎರಡು ವಾರ ತಯಾರಿ. ಹಸುಗಳನ್ನು ಭಾವನ ಮನೆಗೆ ಕಟ್ಟಿದೆವು. ಆಶಾ ಅಕ್ಕ ಒಂದು ವಿಷಯ ಮೂರು ಸಲ ಹೇಳಿಕೊಟ್ಟರು. ಉಲ್ಟಾ ಮಗು ಇರುವಾಗ ನೀರು ಒಡೆದರೆ ಬಳ್ಳಿ ಮೊದಲು ಜಾರಿ ಹೊರಗೆ ಬರಬಹುದು. ಆಗ ನಡೆದಾಡಬಾರದು. ಸೊಂಟದ ಕೆಳಗೆ ದಿಂಬಿಟ್ಟು ಎಡ ಮಗ್ಗುಲಿಗೆ ಮಲಗಿ 108ಕ್ಕೆ ಫೋನ್ ಮಾಡಬೇಕು. ಬಳ್ಳಿ ಕಂಡರೆ ಎಳೆಯಬಾರದು. ಮಂಡಿ ಊರಿ, ಎದೆ ನೆಲಕ್ಕೆ ತಾಗುವ ಹಾಗೆ ಬಾಗಿ, ಸೊಂಟ ಮೇಲಿರಬೇಕು. ಮಗು ತಿರುಗಲಿ ಅಂತ ಇದೇ ಭಂಗಿಯನ್ನು ದಿನಾ ಮಾಡಿ ಅಂತ ಯೂಟ್ಯೂಬಿನಲ್ಲಿ ಹೇಳುವವರಿದ್ದಾರೆ. ಅದರಿಂದ ತಿರುಗುತ್ತೆ ಅನ್ನಲು ಸಾಕಷ್ಟು ಪುರಾವೆ ಇಲ್ಲ. ಬಳ್ಳಿ ಜಾರಿದಾಗ ಮಾತ್ರ ಅದೇ ಭಂಗಿ ಜೀವ ಉಳಿಸಬಹುದು.

ಆಪರೇಷನ್ ಮತ್ತು ಆಮೇಲೆ

39ನೇ ವಾರಕ್ಕೆ ಸರ್ಕಾರಿ ಆಸ್ಪತ್ರೆಯಲ್ಲೇ ಸಿಸೇರಿಯನ್ ಆಯಿತು. ಬೆನ್ನಿಗೆ ಇಂಜೆಕ್ಷನ್, ಎಚ್ಚರ ಇರುತ್ತೆ, ನೋವು ಇರುವುದಿಲ್ಲ. ಹೆಣ್ಣು ಮಗು, 2 ಕೆಜಿ 800 ಗ್ರಾಂ. ಹುಟ್ಟಿದ ಮೇಲೂ ಎರಡು ದಿನ ಕಾಲು ಮುಖದ ಕಡೆಗೇ ಎತ್ತಿಕೊಂಡು ಮಲಗುತ್ತಿತ್ತು. ಅತ್ತೆ ಮಗುವಿನ ಪಾದ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದರು. ಏನೂ ಹೇಳಲಿಲ್ಲ.

ದುಡ್ಡಿನ ಮಾತು ಮುಚ್ಚಿಡುವುದು ಬೇಡ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ ಎಲ್ಲ ಉಚಿತ. ಸಿಸೇರಿಯನ್ ಆದವರಿಗೆ 7 ದಿನದವರೆಗೆ ಊಟ, ಹೋಗಿ ಬರಲು ವಾಹನ ಕೂಡ ಉಚಿತ. ನಮಗೆ ನಗು-ಮಗು ವಾಹನ ಮನೆ ಬಾಗಿಲವರೆಗೂ ಬಂತು. ಜೊತೆಗಿದ್ದವರ ಊಟ, ಬಸ್ಸು, ಹಸುವಿನ ಹುಲ್ಲು ಸೇರಿ ನಮ್ಮ ಕೈಯಿಂದ 6 ಸಾವಿರ ಆಯಿತು.

ಮೂರನೇ ತಿಂಗಳಲ್ಲಿ ಬೀದಿಯ ಒಬ್ಬ ಅಣ್ಣ ಸೊಂಟ ಹಿಡಿದುಕೊಂಡು ಬಂದರು. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಬಿಡುತ್ತೆ ಅನ್ನುವ ನಂಬಿಕೆ ನಿಮ್ಮೂರಲ್ಲೂ ಇರಬೇಕು. “ಆಪರೇಷನ್ ಮಾಡಿ ತೆಗೆದ ಕೂಸು ಕಣಣ್ಣ, ನಡೆಯುತ್ತಾ?” ಅಂತ ಮನೆಯವರು ಕೇಳಿದರೆ, “ಕುಂಡೆನೇ ಮೊದಲು ಬಂತಲ್ಲ, ನಡೀತದೆ” ಅಂದರು. ಮಗು ಎರಡು ಸಲ ಒದೆಯಿತು. ಅಣ್ಣ ಮಾರನೇ ದಿನ ಮಾತ್ರೆ ತಗೊಂಡರು.

ಆ ಕಾಲುಗಳ ಬಗ್ಗೆ ಡಾಕ್ಟರು ಹೇಳಿದ್ದು ಬೇರೆ. ಬ್ರೀಚ್ ಆಗಿದ್ದ ಮಕ್ಕಳಲ್ಲಿ, ಅದರಲ್ಲೂ ಹೆಣ್ಣು ಮಕ್ಕಳಲ್ಲಿ, ತೊಡೆ ಸೊಂಟಕ್ಕೆ ಸೇರುವ ಕೀಲು ಸಡಿಲ ಇರುವ ಸಾಧ್ಯತೆ ಜಾಸ್ತಿ. ಸಿಸೇರಿಯನ್ ಆಗಿದ್ದರೂ ಇದು ತಪ್ಪುವುದಿಲ್ಲ. ಹುಟ್ಟಿದಾಗ ಒಮ್ಮೆ ಕಾಲು ಅಗಲಿಸಿ ನೋಡುತ್ತಾರೆ, ಸುಮಾರು 6 ವಾರಕ್ಕೆ ಸೊಂಟದ ಸ್ಕ್ಯಾನ್ ಮಾಡಿಸಬೇಕು. ಬೇಗ ಗೊತ್ತಾದರೆ ಪಟ್ಟಿ ಕಟ್ಟಿಯೇ ಸರಿ ಮಾಡಬಹುದು. ತಡವಾದರೆ ಮಗು ಕುಂಟುವುದು, ಆಪರೇಷನ್ ಅಂತ ಆಗುತ್ತೆ. ನಮ್ಮ ಮಗುವಿಗೆ ಮಾಡಿಸಿದೆವು, ಸರಿ ಇದೆ. ಎರಡೂ ಕಾಲು ಒಟ್ಟಿಗೆ ಸೇರಿಸಿ ಬಿಗಿಯಾಗಿ ಬಟ್ಟೆ ಸುತ್ತಬೇಡಿ, ಕಾಲು ಮಡಿಚಿ ಆಡಿಸಲು ಜಾಗ ಬಿಡಿ ಅಂದಿದ್ದರು. ಅತ್ತೆಗೆ ಇದು ರೂಢಿಯಾಗಲು ಒಂದು ವಾರ ಬೇಕಾಯಿತು.

ನಿಮ್ಮ ಮನೆಯಲ್ಲೂ ಬಸುರಿ ಇದ್ದರೆ, 36ನೇ ವಾರದ ಚೆಕಪ್ಪಿಗೆ ಹೋದಾಗ “ಮಗುವಿನ ತಲೆ ಎಲ್ಲೈತೆ?” ಅಂತ ಬಾಯಿ ಬಿಟ್ಟು ಕೇಳಿ. ಉತ್ತರವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮೇಲೈತೆ ಅಂದರೆ ಎಲ್ಲಿ ಹೆರಿಗೆ, ಯಾವ ಥರ, ರಾತ್ರಿ ನೀರು ಒಡೆದರೆ ಯಾವ ಆಸ್ಪತ್ರೆ ಅನ್ನುವುದನ್ನು ಅವತ್ತೇ ಮಾತಾಡಿ ಮುಗಿಸಿ. ಆ ಮಾತಿಗೆ ಬಸುರಿ ಹೆಂಗಸನ್ನೂ ಕೂರಿಸಿಕೊಳ್ಳಿ. ಮನೆಯ ಹಿರಿಯ ಹೆಂಗಸರನ್ನೂ ಕೇಳಿ; ಅವರು ಇಷ್ಟು ವರ್ಷ ಹೇಳದೆ ಇಟ್ಟುಕೊಂಡದ್ದು ಏನಾದರೂ ಇರಬಹುದು.