ಅಮ್ಮನ ಚಪ್ಪಲಿ ಮತ್ತು 30 ಮಿಲಿ ಆಂಪಿಯರ್

ನಾನು ಓದಿದ್ದು ಎಲೆಕ್ಟ್ರಿಕಲ್, ಮಾಡ್ತಿರೋದು ಸಾಫ್ಟ್‌ವೇರ್. ಊರಲ್ಲಿ ಎರಡನೆಯದು ಏನು ಅಂತ ಯಾರಿಗೂ ಗೊತ್ತಾಗದ ಕಾರಣ ಮಿಕ್ಸಿ ಕೆಟ್ಟರೂ ನನ್ನನ್ನೇ ಕರೀತಾರೆ :)

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ನೋಡ್ತೀನಿ, ಅಮ್ಮ ಅಡುಗೆಮನೆಯಲ್ಲಿ ಹವಾಯಿ ಚಪ್ಪಲಿ ಹಾಕ್ಕೊಂಡು ದೋಸೆಗೆ ರುಬ್ತಿದ್ದಾಳೆ. ನಮ್ಮನೆಯಲ್ಲಿ ಚಪ್ಪಲಿ ಜಗುಲಿ ದಾಟಿ ಒಳಗೆ ಬಂದದ್ದೇ ಇಲ್ಲ. ಕೇಳಿದರೆ, "ಗ್ರೈಂಡರ್ ಮುಟ್ಟಿದ್ರೆ ಸ್ವಲ್ಪ ಜುಮ್ ಅನ್ನತ್ತೆ ಕಣೋ, ಇದು ಹಾಕ್ಕೊಂಡ್ರೆ ಏನೂ ಆಗಲ್ಲ" ಅಂದಳು. ಎಷ್ಟು ದಿನದಿಂದ? "ಮಳೆಗಾಲದಿಂದ."

ನನಗೆ ಸಿಟ್ಟಿಗಿಂತ ನಾಚಿಕೆ ಆಯ್ತು. ಯಾಕಂದ್ರೆ ಅದಕ್ಕೆ ಎರಡು ವರ್ಷ ಮೊದಲು ಮೇನ್ ಬೋರ್ಡ್ ಬದಲಾಯಿಸಿದ್ದು ನಾನೇ. ಅಲ್ಲಿಯವರೆಗೆ ಇದ್ದದ್ದು ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು. ಪದೇ ಪದೇ ಹೋಗುತ್ತೆ ಅಂತ ಅಪ್ಪ ಅದಕ್ಕೆ ದಪ್ಪ ತಾಮ್ರದ ತಂತಿ ಸುತ್ತಿಟ್ಟಿದ್ದ. ಆಮೇಲೆ ಫ್ಯೂಸ್ ಹೋಗಲೇ ಇಲ್ಲ. ಹೋಗೋದಾದ್ರೆ ಗೋಡೆಯೊಳಗಿನ ವೈರೇ ಸುಟ್ಟು ಹೋಗಬೇಕಿತ್ತು! ಅದನ್ನು ಕಿತ್ತು ಎಂಸಿಬಿ ಹಾಕಿಸಿ, "ಇನ್ನು ಭಯ ಇಲ್ಲ" ಅಂತ ಭಾಷಣ ಬಿಗಿದು ಬಂದಿದ್ದೆ.

ಎಂಸಿಬಿ ಕಾಯೋದು ವೈರನ್ನು. ಒಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ ಇರುತ್ತೆ. ಲೋಡ್ ಜಾಸ್ತಿಯಾದರೆ ಅದು ಬಿಸಿಯಾಗಿ ಬಾಗಿ ಸ್ವಿಚ್ ಬೀಳಿಸುತ್ತೆ. ಶಾರ್ಟ್ ಆದರೆ ಅಷ್ಟು ಹೊತ್ತು ಕಾಯಲ್ಲ, ಪಕ್ಕದ ಕಾಯಿಲ್ ಅಯಸ್ಕಾಂತವಾಗಿ ತಕ್ಷಣ ಎಳೆದು ಬೀಳಿಸುತ್ತೆ. ಎಲ್ಲ ಸರಿ. ಆದರೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರಿಗೆ 230 ವೋಲ್ಟ್ ತಾಗಿದರೆ ಮೈಯಲ್ಲಿ ಹರಿಯೋದು ಸುಮಾರು 0.1ರಿಂದ 0.2 ಆಂಪಿಯರ್. ಜೀವ ತೆಗೆಯೋಕೆ ಅಷ್ಟು ಸಾಕು. 16 ಆಂಪಿಯರ್‌ನ ಎಂಸಿಬಿಗೆ ಅದು ಒಂದು ಬಲ್ಬ್ ಹಾಕಿದಷ್ಟೇ ಲೆಕ್ಕ. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ಬೇರೆ ತಗೊಂಡಿದ್ದೆ!

ಮನುಷ್ಯರನ್ನು ಕಾಯೋದು ಆರ್‌ಸಿಸಿಬಿ. ಫೇಸ್, ನ್ಯೂಟ್ರಲ್ ಎರಡೂ ಬಳೆಯಂಥ ಒಂದು ಕೋರಿನೊಳಗೆ ಹಾದು ಹೋಗುತ್ತವೆ. ಹೋದಷ್ಟೇ ಕರೆಂಟ್ ವಾಪಸ್ ಬಂದರೆ ಸುಮ್ಮನಿರುತ್ತೆ. 30 ಮಿಲಿ ಆಂಪಿಯರ್ ಕಡಿಮೆ ಬಂತೋ, ಎಲ್ಲೋ ನೆಲಕ್ಕೆ ಇಳೀತಿದೆ ಅಂತ ಅರೆಕ್ಷಣದಲ್ಲಿ ಕಟ್. (ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡ್ಕೊಂಡ್ರೆ ಇದಕ್ಕೂ ಗೊತ್ತಾಗಲ್ಲ, ಆ ಸಾಹಸ ಬೇಡ.)

ಮರುದಿನವೇ ಪೇಟೆಯಿಂದ ಎಲೆಕ್ಟ್ರಿಷಿಯನ್‌ನ ಕರೆಸಿದೆ. ಬಚ್ಚಲ ಹಿಂದಿನ ಅರ್ಥಿಂಗ್ ಗುಂಡಿ ಅಗೆದರೆ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಅದನ್ನು ಸರಿಮಾಡಿ, ಆರ್‌ಸಿಸಿಬಿ ಕೂರಿಸಿ, ಸಂಜೆ ಗ್ರೈಂಡರ್ ಹಾಕಿದ್ವಿ. ಟಪ್! ಇಡೀ ಮನೆ ಕತ್ತಲೆ. "ಹಬ್ಬದ ಹೊತ್ತಲ್ಲಿ ಇದೇನೋ, ತೆಗ್ಸು ಅದನ್ನ. ನನ್ನ ಫ್ಯೂಸೇ ಚೆನ್ನಾಗಿತ್ತು" ಅಂತ ಅಪ್ಪನ ಗೊಣಗಾಟ. ಗ್ರೈಂಡರ್ ಪ್ಲಗ್ ಕಿತ್ತು ಮತ್ತೆ ಆನ್ ಮಾಡಿದೆ. ಈ ಸಲ ಬೀಳಲಿಲ್ಲ. ಕಳ್ಳ ಸಿಕ್ಕಿದ್ದ. ಹಬ್ಬಕ್ಕೆ ಅಮ್ಮ ಒರಳಲ್ಲೇ ರುಬ್ಬಿದಳು, ನನ್ನ ಕೈಲೂ ರುಬ್ಬಿಸಿದಳು.

ಅದರಲ್ಲಿ 'ಟಿ' ಅಂತ ಒಂದು ಬಟನ್ ಇದೆ, ಆಗಾಗ ಒತ್ತಿ ನೋಡಬೇಕು ಅಂತ ಅಮ್ಮನಿಗೆ ಹೇಳಿ ಬಂದಿದ್ದೆ. ಈಗ ಪ್ರತಿ ಅಮಾವಾಸ್ಯೆಗೆ ಫೋನ್ ಬರುತ್ತೆ. "ಒತ್ತಿದೆ ಕಣೋ, ಬಿತ್ತು. ನಿಮ್ಮಪ್ಪ ಟೀವಿ ನೋಡ್ತಿದ್ರು, ಬೈದ್ರು."

ಬೆಂಗಳೂರಿಗೆ ಬಂದವನು ನನ್ನ ಬಾಡಿಗೆ ಮನೆಯ ಬೋರ್ಡ್ ತೆಗೆದು ನೋಡಿದೆ. ಬರೀ ಎಂಸಿಬಿ. ಓನರ್‌ಗೆ ಇಲ್ಲಿವರೆಗೆ ನಾಲ್ಕು ಸಲ ಹೇಳಾಯ್ತು.